ಇಲ್ಲಿ ದೋಣಿ ನಿಲ್ಲಿಸುವಂತಿಲ್ಲ

ಕೋಲಾರದಲ್ಲಿ ಇನ್ನು ಮುಂದೆ ಮನೆ ಮುಂದೆ ದೋಣಿ ನಿಲ್ಲಿಸುವಂತಿಲ್ಲ. ಎಲ್ಲರೂ ದಯವಿಟ್ಟು ಸಹಕರಿಸಬೇಕು.

ತಮಾಷೆಯಲ್ಲ. ಊರಂಚಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಹೊಸ ನಿಯಮಾವಳಿ ತಂದಿದೆ. ಫ್ಲೆಕ್ಸ್ ಮಾಡಿಸಿ ಕಮಾನಿಗೆ ಕಟ್ಟಿದೆ. ಮೇಲೆ ಗಣಪತಿ, ಕೆಳಗೆ ಕೈಮುಗಿದ ಪದಾಧಿಕಾರಿಗಳು, ನಡುವೆ ನಿಯಮ. ‘ದೋಣಿ, ಟ್ರೇಲರ್, ಕ್ಯಾಂಪರ್ ಮುಂತಾದ ವಾಹನಗಳನ್ನು ರಸ್ತೆಗೆ ಕಾಣುವಂತೆ ನಿಲ್ಲಿಸತಕ್ಕದ್ದಲ್ಲ. ತಪ್ಪಿದಲ್ಲಿ ದಿನಕ್ಕೆ 500 ರೂಪಾಯಿ ದಂಡ.’

ದೋಣಿ! ವರ್ಷಪೂರ್ತಿ ಹರಿಯುವ ಒಂದೇ ಒಂದು ನದಿ ಇಲ್ಲದ ಜಿಲ್ಲೆಯಲ್ಲಿ. ಪಾಲಾರ್ ಇದೆ, ನಕ್ಷೆಯಲ್ಲಿ. ನೆಲವನ್ನು 1,500 ಅಡಿ ಕೊರೆಸಿ, ಬಿಳೀ ದೂಳು ನೋಡಿ, ಕೈಮುಗಿದು ರಿಗ್ ಲಾರಿಯನ್ನು ಕಳಿಸಿಕೊಟ್ಟ ಜನ ನಾವು. ನಮಗೆ ದೋಣಿಯ ಪಾರ್ಕಿಂಗ್ ಸಮಸ್ಯೆಯಂತೆ.

ಈ ದೋಣಿ ಎಲ್ಲಿಂದ ತೇಲಿಬಂತು ಎಂದು ವಿಚಾರಿಸಿದೆ. ಡಲ್ಲಾಸಿನಿಂದ. ಕಾರ್ಯದರ್ಶಿಗಳ ಮಗ ಅಲ್ಲಿದ್ದಾನೆ. ಅವನಿರುವ ಕಾಲೊನಿಯ ನಿಯಮ ಪುಸ್ತಕವನ್ನು ಅಪ್ಪನಿಗೆ ಕಳಿಸಿದ್ದಾನೆ. ಅಪ್ಪ ಅದನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿ ಸಭೆಯ ಮುಂದಿಟ್ಟಿದ್ದಾರೆ. ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿದೆ. ಯಾರೂ ಓದಿಲ್ಲ. ಪರೀಕ್ಷೆಯಲ್ಲಿ ನೋಡಿ ಬರೆಯುವ ಹುಡುಗ ಪಕ್ಕದವನ ಹೆಸರನ್ನೂ ಇಳಿಸಿಕೊಂಡು ಬಂದ ಹಾಗಾಗಿದೆ.

ದೋಣಿ ತೆಗೆಯಿರಿ ಎಂದರೆ ಅಧ್ಯಕ್ಷರು ಒಪ್ಪಲಿಲ್ಲ. ‘ಇರಲಿ ಬಿಡಿ ಸಾರ್, ಮುಂದಕ್ಕೆ ಬೇಕಾಗಬಹುದು’ ಅಂದರು.

ಹೌದು, ಬೇಕಾಗಬಹುದು. ಎತ್ತಿನಹೊಳೆ ಬರುತ್ತಿದೆಯಲ್ಲ. 2014ರಲ್ಲಿ ಅಡಿಗಲ್ಲು ಬಿತ್ತು. ವೆಚ್ಚ 23 ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಗುಂಡಿ ಒತ್ತಿ, ಬಾಗಿನ ಬಿಟ್ಟು, ಉದ್ಘಾಟನೆಯೂ ಆಯಿತು. ನೀರೊಂದು ಕೋಲಾರಕ್ಕೆ ಬರಬೇಕು. ನೀರಿಗಿಂತ ಮೊದಲು ದೋಣಿಯ ನಿಯಮ ಬಂದಿದೆ. ಯೋಜನೆ ಎಂದರೆ ಇದು.

ಅಲ್ಲಿಯವರೆಗೆ ಕೆ.ಸಿ. ವ್ಯಾಲಿ ಇದೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ನೀರು. ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನು ಎರಡು ಸಲ ಸೋಸಿ ನಮ್ಮ ಕೆರೆಗಳಿಗೆ ತುಂಬುವ ಯೋಜನೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ರೈತರು ಕೇಳುತ್ತಲೇ ಇದ್ದಾರೆ. ಯಾರಾದರೂ ದೋಣಿ ಕೊಂಡರೆ ಸದ್ಯಕ್ಕೆ ಅದರ ಮೇಲೆ ವಿಹಾರ ಮಾಡಬಹುದು. ಮೂಗಿಗೆ ಬಟ್ಟೆ ಇರಲಿ.

ಆದರೆ ದೋಣಿ ಬರೀ ನೆಪ. ನಿಯಮದ ಕಣ್ಣು ಅದರ ಪಕ್ಕದ ಪದದ ಮೇಲಿದೆ. ಟ್ರೇಲರ್.

ಡಲ್ಲಾಸಿನ ಟ್ರೇಲರ್ ಬೇರೆ. ಶನಿವಾರ ದೋಣಿ ಹೇರಿಕೊಂಡು ಸರೋವರಕ್ಕೆ ಹೋಗುವ ಟ್ರೇಲರ್ ಅದು. ವಾರಕ್ಕೊಮ್ಮೆ ಎಚ್ಚರವಾಗುವ ಗಾಡಿ. ನಮ್ಮ ಬಡಾವಣೆಯಲ್ಲಿರುವುದು ಒಂದೇ ಟ್ರೇಲರ್. ಮೂಲೆಮನೆಯ ರೈತನದು. ಅದರಲ್ಲಿ ಗೊಬ್ಬರ ಹೋಗುತ್ತದೆ, ರಾಗಿ ಹುಲ್ಲು ಬರುತ್ತದೆ, ಟೊಮೆಟೊ ಕ್ರೇಟು ಹೋಗುತ್ತದೆ, ಸೀಸನ್ನಿನಲ್ಲಿ ಮಾವು. ರಾತ್ರಿ ಮನೆಯ ಪಕ್ಕದ ಖಾಲಿ ಸೈಟಿನ ಅಂಚಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಾನೆ. ಸೈಟಿನ ಮಾಲೀಕ ವೈಟ್‌ಫೀಲ್ಡಿನಲ್ಲಿದ್ದಾನೆ. ಅವನಿಗೆ ತನ್ನ ಸೈಟು ಎಲ್ಲಿದೆ ಎಂಬುದೇ ಮರೆತಿದೆ.

ಇನ್ನೊಂದು ವಿಷಯ. ಬಡಾವಣೆ ಆಗುವ ಮೊದಲು ಇದೆಲ್ಲ ಆ ರೈತನ ಅಪ್ಪನ ರಾಗಿ ಹೊಲ.

ಸಭೆಗೆ ಅವನನ್ನೂ ಕರೆದಿದ್ದರು. ಕುರ್ಚಿ ಕೊಡಲಿಲ್ಲ. ಅವನೂ ಕೇಳಲಿಲ್ಲ.

‘ನೋಡಪ್ಪಾ, ಬಡಾವಣೆಯ ಅಂದ ಕೆಡುತ್ತೆ. ಮನೆಗೆ ಬಂದ ನೆಂಟರು ಏನಂದುಕೊಳ್ತಾರೆ?’ ಎಂದರು ಅಧ್ಯಕ್ಷರು.

‘ನಿಮ್ಮ ಮನೆಗೆ ಮಾಲೂರಿಂದ ಇಟ್ಟಿಗೆ ಬಂದಿದ್ದು ಇದ್ರಲ್ಲೇ ಅಲ್ವಾ ಸಾಮಿ? ಜಲ್ಲಿ, ಮರಳು ಎಲ್ಲಾ ನಾನೇ ಅಲ್ವಾ ಹೊಡ್ದಿದ್ದು? ಆವಾಗ ಅಂದ ಕೆಟ್ಟಿರ್ಲಿಲ್ವಾ?’

‘ಅದು ಆವಾಗ.’

ಇದಕ್ಕಿಂತ ಚಿಕ್ಕದಾಗಿ ಈ ಕಾಲದ ಇತಿಹಾಸವನ್ನು ಯಾರೂ ಬರೆಯಲಾರರು.

ಆವಾಗ ಏನಾಗಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಅಧ್ಯಕ್ಷರ ಮನೆ ಏಳುವಾಗ ಅವರ ಎಂ-ಸ್ಯಾಂಡ್ ರಾಶಿ ಅರ್ಧ ರಸ್ತೆಯನ್ನು ನುಂಗಿತ್ತು. ಒಂದು ಮಳೆಗಾಲ ಪೂರ್ತಿ. ಶಾಲೆ ಮಕ್ಕಳ ಸೈಕಲ್ಲು ಜಾರಿತು. ಚರಂಡಿ ಕಟ್ಟಿತು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಿದ್ದರು. ಮಾಡಿಕೊಂಡೆವು. ಎಲ್ಲರೂ ಮನೆ ಕಟ್ಟಬೇಕಿತ್ತಲ್ಲ. ಈಗ ಎಲ್ಲರ ಮನೆಯೂ ಕಟ್ಟಿ ಮುಗಿದಿದೆ. ಅಡ್ಜಸ್ಟ್ ಮಾಡಿಕೊಳ್ಳುವ ಪಾಳಿಯೂ ಮುಗಿದಿದೆ.

ಬನ್ನಿ, ಈ ಅಂದದ ರಸ್ತೆಯನ್ನು ಒಮ್ಮೆ ನೋಡೋಣ.

ನಕ್ಷೆಯಲ್ಲಿ 30 ಅಡಿ ರಸ್ತೆ. ಎಡಕ್ಕೆ ಸಾಲು ಕಾರು, ಬಲಕ್ಕೆ ಸಾಲು ಕಾರು. ಉಳಿದದ್ದರಲ್ಲಿ ಹಾಲಿನವನ ಬೈಕು ಉಸಿರು ಹಿಡಿದು ಹೋಗುತ್ತದೆ. ಪ್ರತಿ ಮನೆಗೂ ಕಾರು ನಿಲ್ಲಿಸುವ ಜಾಗ ಇದೆ. ನಕ್ಷೆ ಮಂಜೂರಾತಿಗೆ ತೋರಿಸಿದ್ದೂ ಆಗಿದೆ. ಈಗ ಅದರಲ್ಲಿ ಒಂದು ಕಡೆ ಟ್ಯೂಷನ್. ಒಂದು ಕಡೆ ಬ್ಯೂಟಿ ಪಾರ್ಲರ್. ಒಂದು ಕಡೆ ಪ್ರಾವಿಷನ್ ಸ್ಟೋರ್, ಬಾಡಿಗೆಗೆ. ಕಾರು ರಸ್ತೆಯಲ್ಲಿ, ಬಾಡಿಗೆ ಜೇಬಿನಲ್ಲಿ.

ಗೇಟಿನಿಂದ ರಸ್ತೆಗೆ ಇಳಿಜಾರು. ಚರಂಡಿಯ ಮೇಲೆ ಗ್ರಿಲ್ಲು ಹಾಕಿದ ಕೈತೋಟ, ತುಳಸಿ ಸಮೇತ. ಯಾರೂ ಮುಟ್ಟುವಂತಿಲ್ಲ, ತುಳಸಿ ಇದೆ. ಗೇಟಿನ ಮೇಲೆ ಫಲಕ: ‘ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ಬಿಡಲಾಗುವುದು.’ ಸಾರ್ವಜನಿಕ ರಸ್ತೆಯಲ್ಲಿ ಇನ್ನೊಬ್ಬನ ಟಯರಿನ ಗಾಳಿ ತೆಗೆಯುತ್ತೇನೆಂದು ಲಿಖಿತವಾಗಿ ಘೋಷಿಸಿ, ಕೆಳಗೆ ಮನೆ ನಂಬರನ್ನೂ ಕೊಟ್ಟಿರುತ್ತಾರೆ. ತಮ್ಮ ಕಾರಿನ ಜಾಗಕ್ಕೆ ಬೇರೆಯವರು ಬರದಂತೆ ಒಂದು ಹೂಕುಂಡ, ಎರಡು ಸೈಜುಗಲ್ಲು, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ.

ಇದ್ಯಾವುದೂ ಅಂದ ಕೆಡಿಸುವುದಿಲ್ಲ.

ಅಧ್ಯಕ್ಷರ ಎದುರು ಮನೆಯಲ್ಲಿ ಬೆಳ್ಳಿ ಹೊದಿಕೆ ಹೊದ್ದ ಒಂದು ಕಾರಿದೆ. ಅದು ಕದಲಿದ್ದನ್ನು ನಾನು ನೋಡಿಲ್ಲ. ಅದರ ಕೆಳಗೆ ಬೀದಿನಾಯಿಯ ಎರಡು ತಲೆಮಾರು ಬೆಳೆದಿದೆ. ಟಯರು ನೆಲಕ್ಕೆ ಕೂತಿದೆ. ಅದು ‘ವಾಹನ’. ಪ್ರತಿದಿನ ಬೆಳಗಿನ ಜಾವ ಎದ್ದು ದುಡಿಯಲು ಹೋಗಿ, ಕತ್ತಲಾದ ಮೇಲೆ ಬಂದು ಮಲಗುವ ಟ್ರೇಲರ್ ‘ಅಡಚಣೆ’.

ಈ ಲೆಕ್ಕ ನಮ್ಮ ಬಡಾವಣೆಯದಷ್ಟೇ ಅಲ್ಲ. ಮುಳಬಾಗಿಲಿನಲ್ಲಿ ನನ್ನ ಪರಿಚಯದ ಹುಡುಗನೊಬ್ಬನಿದ್ದಾನೆ. ಟೊಮೆಟೊ ಪಿಕಪ್ ಓಡಿಸುತ್ತಾನೆ. ವಡ್ಡಹಳ್ಳಿ ಮಾರುಕಟ್ಟೆಗೋ ಕೋಲಾರದ ಎಪಿಎಂಸಿಗೋ ಹೊತ್ತು ಮೂಡುವ ಮೊದಲೇ ಹೊರಡಬೇಕು. ಬೀದಿಯವರ ದೂರು: ಸ್ಟಾರ್ಟ್ ಮಾಡಿದರೆ ನಿದ್ದೆ ಹಾಳು. ಹಳದಿ ಬೋರ್ಡಿನ ಗಾಡಿ ಮನೆಗಳ ನಡುವೆ ಬೇಡ. ಅದೇ ಬೀದಿಯಲ್ಲಿ ಬಿಳಿ ಬೋರ್ಡಿನ ಕಾರುಗಳು ರಿವರ್ಸ್ ತೆಗೆಯುವಾಗಲೆಲ್ಲ ಸಂಗೀತ ಹಾಡುತ್ತವೆ. ಅದು ಇಂಪು.

2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಕೋಲಾರದಲ್ಲಿ 2,000 ರೂಪಾಯಿ ದಾಟಿತು. ಆಗ ಆ ಬೀದಿಯವರು ಅವನನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ‘ಬಾಕ್ಸಿನ ತಳದಲ್ಲಿ ಒಂದೆರಡು ಕೆ.ಜಿ. ಉಳಿದಿದ್ದರೆ ನೋಡಪ್ಪಾ.’ ದರ ಇಳಿಯಿತು. ನಿದ್ದೆ ಮತ್ತೆ ಹಾಳಾಗತೊಡಗಿತು.

ಈಗ ಕಾನೂನಿನ ಮಾತು. ನಮ್ಮ ಸಂಘದವರಿಗೆ ಕಾನೂನೆಂದರೆ ಬಹಳ ಪ್ರೀತಿ.

ರಸ್ತೆ ಯಾರದು? ಮಂಜೂರಾದ ಬಡಾವಣೆಯಾದರೆ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಲೇಬೇಕು. ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕ. ಸಂಘ ಇರುವುದು 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಆ ಕಾಯ್ದೆ ಸದಸ್ಯರಿಂದ ಚಂದಾ ಎತ್ತಲು ಬಿಡುತ್ತದೆ. ನಗರಸಭೆಯ ರಸ್ತೆಯಲ್ಲಿ ದಂಡ ಎತ್ತಲು ಬಿಡುವುದಿಲ್ಲ. ಇವರು ರಸ್ತೆಗೆ ಅಡ್ಡಲಾಗಿ ಕಮಾನು ಕಟ್ಟಿ, ಗೇಟು ಜೋಡಿಸಿ, ರಾತ್ರಿ ಹತ್ತಕ್ಕೆ ಬೀಗ ಹಾಕುತ್ತಾರೆ. ಅಡಚಣೆ ತೆಗೆಯುವುದಾದರೆ ಮೊದಲು ತೆಗೆಯಬೇಕಾದದ್ದು ಆ ಗೇಟು, ಆ ಕಮಾನು. ಅದಕ್ಕೆ ಕಟ್ಟಿರುವ ಫ್ಲೆಕ್ಸೂ ಜೊತೆಗೇ ಇಳಿಯುತ್ತದೆ, ಒಂದೇ ಕೂಲಿ.

ಬಡಾವಣೆ ಮಂಜೂರಾಗಿದೆಯೇ ಎಂದು ಕೇಳಬೇಡಿ. ಕೋಲಾರದ ಸುತ್ತ ಆ ಪ್ರಶ್ನೆ ಕೇಳುವುದು ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳುವುದಕ್ಕಿಂತ ದೊಡ್ಡ ಅಪರಾಧ. ಅರ್ಧ ಮನೆಗಳು ರೆವಿನ್ಯೂ ಸೈಟಿನ ಮೇಲೆ ನಿಂತಿವೆ. ಬಿ ಖಾತಾ ಸಿಕ್ಕ ದಿನ ಕೇಸರಿಬಾತ್ ಹಂಚಿದ ಮನೆಗಳಿವೆ. ಮನೆಯೇ ಸಕ್ರಮದ ಕ್ಯೂನಲ್ಲಿ ನಿಂತಿದೆ. ಅದರ ಮಾಲೀಕ ಬಾಲ್ಕನಿಯಲ್ಲಿ ನಿಂತು ಟ್ರೇಲರಿನ ಅಕ್ರಮ ತೋರಿಸುತ್ತಾನೆ.

ಮೋಟಾರು ವಾಹನ ಕಾಯ್ದೆ, 1988. 122ನೇ ಕಲಂ. ಸಾರ್ವಜನಿಕ ಜಾಗದಲ್ಲಿ ಇತರರಿಗೆ ಅಪಾಯ, ಅಡಚಣೆ, ಅನಗತ್ಯ ತೊಂದರೆ ಆಗುವಂತೆ ವಾಹನವನ್ನಾಗಲಿ ಟ್ರೇಲರನ್ನಾಗಲಿ ನಿಲ್ಲಿಸಬಾರದು. ಸರಿ, ಟ್ರೇಲರ್ ಎಂಬ ಪದ ಅಲ್ಲಿದೆ. ಕಾರ್ಯದರ್ಶಿಗಳು ಅದಕ್ಕೆ ಕೆಂಪು ಗೆರೆ ಎಳೆದು ತೋರಿಸಿದರು. ಅದರ ಹಿಂದಿನ ಪದಕ್ಕೆ ಗೆರೆ ಎಳೆದಿರಲಿಲ್ಲ. ವಾಹನ. ಕಾರು ಕೂಡ ವಾಹನವೇ. ಕಾಯ್ದೆಗೆ ಹೊದಿಕೆಯ ಬಣ್ಣ ಕಾಣುವುದಿಲ್ಲ.

ಬೆಂಗಳೂರಿನವರಾದರೂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಕಾಗದದ ಮೇಲೆ. 2021ರಲ್ಲಿ ಪಾರ್ಕಿಂಗ್ ನೀತಿಗೆ ಸರ್ಕಾರ ಒಪ್ಪಿತು. ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವಾರ್ಷಿಕ ಪರ್ಮಿಟ್. ಸಣ್ಣ ಕಾರಿಗೆ 1,000, ದೊಡ್ಡದಕ್ಕೆ 5,000 ರೂಪಾಯಿ. ಲಕ್ಷಗಟ್ಟಲೆಯ ಗಾಡಿಗೆ ವರ್ಷಕ್ಕೆ ಐದು ಸಾವಿರ ಕೇಳಿದ್ದಕ್ಕೆ ಎದ್ದ ಗಲಾಟೆ ನೆನಪಿದೆಯೇ? ‘ರಸ್ತೆ ತೆರಿಗೆ ಕಟ್ಟಿಲ್ಲವೇ’ ಎಂದರು. ಜಪಾನಿನಲ್ಲಿ 1962ರಿಂದ ಗಾಡಿ ನಿಲ್ಲಿಸುವ ಜಾಗ ತೋರಿಸಬೇಕೆಂಬ ಕಾನೂನಿದೆ. ನಮ್ಮ ಮಂತ್ರಿಗಳೂ ಆಗಾಗ ಅದನ್ನೇ ಹೇಳುತ್ತಾರೆ. ಹೇಳಿ, ರಸ್ತೆ ಮೇಲೆ ನಿಲ್ಲಿಸಿದ ಕಾರು ಹತ್ತಿ ಹೋಗುತ್ತಾರೆ.

ಅಮೆರಿಕದಿಂದ ನಿಯಮ ತಂದವರು ಅಮೆರಿಕದ ಸುದ್ದಿಯನ್ನೂ ತರಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸೀಸೈಡ್ ಎಂಬ ಊರಿದೆ. ಮನೆ ಮುಂದೆ ಟ್ರೇಲರ್ ಮೇಲೆ ದೋಣಿ ನಿಲ್ಲಿಸಿಕೊಂಡಿದ್ದವನಿಗೆ 2023ರಲ್ಲಿ ನಗರಾಡಳಿತ ನೋಟಿಸು ಕೊಟ್ಟಿತು. ಆರಡಿ ಬೇಲಿ ಹಾಕಿ ಮರೆ ಮಾಡು. ಅವನು ಬೇಲಿ ಹಾಕಿದ. ಪಕ್ಕದ ಮನೆಯಲ್ಲಿ ಒಬ್ಬ ಚಿತ್ರಕಾರನಿದ್ದ. ಅವನಿಂದ ಬೇಲಿಯ ಮೇಲೆ ದೋಣಿಯ ಚಿತ್ರ ಬರೆಸಿದ. ಅದೇ ದೋಣಿ, ಅದೇ ಅಳತೆ, ಅದೇ ಜಾಗ. ದೂರದಿಂದ ನೋಡಿದರೆ ಬೇಲಿಯೇ ಇಲ್ಲ. 2024ರಲ್ಲಿ ಇಡೀ ಜಗತ್ತು ನಕ್ಕಿತು. ಆಡಳಿತಕ್ಕೆ ಮಾಡಲು ಏನೂ ಉಳಿದಿರಲಿಲ್ಲ, ಚಿತ್ರಕ್ಕೆ ನಿಯಮವಿರಲಿಲ್ಲ.

ಅದೇ ವರ್ಷ ಜುಲೈ 1ರಿಂದ ಫ್ಲಾರಿಡಾ ರಾಜ್ಯ ಇಂಥ ಸಂಘಗಳ ಕೈ ಕಟ್ಟಿತು. ಸ್ವಂತ ಮನೆಯ ಅಂಗಳದಲ್ಲಿ ಪಿಕಪ್ ನಿಲ್ಲಿಸಿದರೆ, ಕೆಲಸಕ್ಕೆ ಹೋಗುವ ಗಾಡಿ ನಿಲ್ಲಿಸಿದರೆ ಸಂಘ ತಡೆಯುವಂತಿಲ್ಲ ಎಂದಿತು. ಅಂದರೆ ಅವರು ಬಿಚ್ಚಿಟ್ಟ ಕೋಟನ್ನು ನಾವು ಕೋಲಾರದ ಬಿಸಿಲಿನಲ್ಲಿ ತೊಟ್ಟುಕೊಳ್ಳುತ್ತಿದ್ದೇವೆ.

ನಿಯಮಕ್ಕೆ ವಿನಾಯಿತಿಗಳಿವೆ. ಅಲ್ಲೇ ರಸ ಇರುವುದು.

ಮೊದಲನೆಯದು, ನೀರಿನ ಟ್ಯಾಂಕರ್. ಟ್ಯಾಂಕರ್ ಎಂದರೆ ಏನು? ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರ್. ಅದರ ಮೇಲೆ ತೊಟ್ಟಿ. ಅಷ್ಟೇ. ಬೇಸಿಗೆಯಲ್ಲಿ ಅದು ದಿನವಿಡೀ ನಮ್ಮ ರಸ್ತೆಯಲ್ಲಿ ಅಡ್ಡ ನಿಲ್ಲುತ್ತದೆ. ಪೈಪು ಎಳೆಯುತ್ತದೆ. ಮೋಟರು ಹೊಡೆದುಕೊಳ್ಳುತ್ತದೆ. ನೀರು ಸೋರಿ ರಸ್ತೆ ಕೆಸರು. ಯಾರೂ ಗಾಳಿ ಬಿಡುವುದಿಲ್ಲ. ಬದಲಿಗೆ ‘ನಮ್ಮ ಮನೆಗೆ ಮೊದಲು ಬಿಡು ಮಗಾ’ ಎಂದು ಕಾಫಿ ಕೊಡುತ್ತಾರೆ. ತೊಟ್ಟಿ ಖಾಲಿಯಾದ ಕ್ಷಣ ಆ ಗಾಡಿ ಮತ್ತೆ ಟ್ರೇಲರ್ ಆಗುತ್ತದೆ. ಬೇಗ ತೆಗಿ, ಕಾರು ಹೋಗಬೇಕು.

ಎರಡನೆಯದು ಮಾವು. ಇದು ಬರವಣಿಗೆಯಲ್ಲಿಲ್ಲ, ರೂಢಿಯಲ್ಲಿದೆ. ಶ್ರೀನಿವಾಸಪುರದ ಕಡೆಯಿಂದ ಬಾದಾಮಿ, ಮಲ್ಲಿಕಾ ಹೇರಿಕೊಂಡು ಟ್ರ್ಯಾಕ್ಟರ್ ಬಂದರೆ ಗೇಟಿನ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪದಾಧಿಕಾರಿಗಳು ಬನಿಯನ್ನಿನಲ್ಲೇ ಇಳಿದು ಬರುತ್ತಾರೆ. ಮಂಡಿ ರೇಟಿಗಿಂತ ಕಡಿಮೆಗೆ ಕೇಳುತ್ತಾರೆ. ‘ರೈತರಿಂದ ನೇರ ಖರೀದಿ’ ಎಂದು ಟ್ರೇಲರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕುತ್ತಾರೆ.

2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಗಡಿ ದಾಟಬಾರದೆಂದು ಆದೇಶಿಸಿತು. ಶ್ರೀನಿವಾಸಪುರದ ಬೆಳೆಗಾರ ಆ ಕಡೆಯ ತಿರುಳಿನ ಕಾರ್ಖಾನೆಗಳನ್ನೇ ನಂಬಿಕೊಂಡವನು. ನಮ್ಮ ಮುಖ್ಯಮಂತ್ರಿ ಅವರ ಮುಖ್ಯಮಂತ್ರಿಗೆ ಪತ್ರ ಬರೆದರು. ನಮ್ಮ ಬಡಾವಣೆಯ ಗ್ರೂಪಿನಲ್ಲಿ ರಕ್ತ ಕುದಿಯಿತು. ನಮ್ಮ ರೈತನ ಗಾಡಿಯನ್ನು ತಡೆಯಲು ಅವರು ಯಾರು? ಒಳ್ಳೆಯ ಪ್ರಶ್ನೆ. ಅದರ ಕೆಳಗಿನ ಮೆಸೇಜು ಇದು: ‘ಮೂಲೆಮನೆಯವನ ಟ್ರೇಲರ್ ಇವತ್ತೂ ಅಲ್ಲೇ ಇದೆ. ಅಧ್ಯಕ್ಷರು ಗಮನಿಸಬೇಕು.’

ಗಡಿಯಲ್ಲಿ ತಡೆದರೆ ಅನ್ಯಾಯ. ಗೇಟಿನಲ್ಲಿ ತಡೆದರೆ ಶಿಸ್ತು.

ಸರ್ಕಾರವೇನೂ ಕಡಿಮೆಯಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ ಜೊತೆಗೆ ಟ್ರ್ಯಾಕ್ಟರನ್ನೂ ನಿಷೇಧಿಸಿದರು. ಟ್ರೇಲರ್ ಇದ್ದರೂ ಇಲ್ಲದಿದ್ದರೂ. ವೇಗದ ರಸ್ತೆ, ಸುರಕ್ಷತೆ, ಒಪ್ಪೋಣ. ಆದರೆ ರಸ್ತೆ ಹಾಸಿದ್ದು ಯಾವ ನೆಲದ ಮೇಲೆ? ನಮ್ಮ ಮಾಲೂರಿನ ಮೂಲಕವೂ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ. ಹೊಲ ಎರಡು ಹೋಳಾಗಿವೆ. ಈ ಹೋಳಿನಿಂದ ಆ ಹೋಳಿಗೆ ಗೊಬ್ಬರ ಒಯ್ಯಲು ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. ಎಕ್ಸ್‌ಪ್ರೆಸ್‌ವೇ ಪಕ್ಕದ ಸೈಟಿನ ಜಾಹೀರಾತು ನೋಡಿ: ‘ಹಳ್ಳಿಯ ಸೊಗಡು, ನಗರದ ಸೌಕರ್ಯ.’ ಸೊಗಡು ಬೇಕು. ಗೊಬ್ಬರದ ವಾಸನೆ ಬೇಡ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಟ್ರೇಲರಿನಿಂದ ಜನ ಸಾಯುತ್ತಾರೆ. ನಿಜ. ಮುಳಬಾಗಿಲಿನ ಹೆದ್ದಾರಿಯಲ್ಲಿ, ಶ್ರೀನಿವಾಸಪುರದ ರಸ್ತೆಯಲ್ಲಿ ರಾತ್ರಿ ಹೊತ್ತು ಹಿಂದೆ ಒಂದು ಕೆಂಪು ದೀಪ ಕೂಡ ಇಲ್ಲದೆ ನಿಂತಿರುತ್ತವೆ. ರಿಫ್ಲೆಕ್ಟರ್ ಪಟ್ಟಿ ಇಲ್ಲ. ನಂಬರು ಇಲ್ಲ. ಬೈಕಿನಲ್ಲಿ ಬಂದವನಿಗೆ ಅದು ಕಾಣುವುದು ತಲೆ ತಗುಲಿದ ಮೇಲೆ. ಮೂಲೆಮನೆಯ ರೈತನದಕ್ಕೂ ಹಿಂದಿನ ದೀಪವಿಲ್ಲ. ಕೇಳಿದರೆ ‘ಹಾಕ್ಸೋಣ ಸಾರ್’ ಎನ್ನುತ್ತಾನೆ, ಹಾಕಿಸುವುದಿಲ್ಲ. ಟ್ರೇಲರಿಗೂ ಬೇರೆ ನೋಂದಣಿ ಬೇಕು, ಪ್ರತಿಫಲಕ ಬೇಕು. ನಿಯಮ ಪುಸ್ತಕದಲ್ಲಿ ಎಲ್ಲ ಇದೆ.

ಆ ನಿಯಮವನ್ನು ಯಾರು ಕೇಳುತ್ತಾರೆ? ಪೊಲೀಸರು ಕೇಳುವುದಿಲ್ಲ. ಸಾರಿಗೆ ಇಲಾಖೆ ಕೇಳುವುದಿಲ್ಲ. ನಮ್ಮ ಸಂಘವೂ ಕೇಳಲಿಲ್ಲ. ಇವರ ಹದಿನಾರು ನಿಯಮಗಳಲ್ಲಿ ಹಿಂದಿನ ದೀಪದ ಸುದ್ದಿಯೇ ಇಲ್ಲ. 200 ರೂಪಾಯಿಯ ಕೆಂಪು ಪಟ್ಟಿ ತಂದು ಅಂಟಿಸಿ ಎಂದು ನಾನೇ ಸಭೆಯಲ್ಲಿ ಹೇಳಿದೆ. ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರು. ಕತ್ತಲಲ್ಲಿ ಯಾರದೋ ತಲೆ ಒಡೆಯುವುದು ವ್ಯಾಪ್ತಿಗೆ ಬರಲ್ಲ. ಬೆಳಕಲ್ಲಿ ಕಣ್ಣಿಗೆ ಕಾಣುವುದು ಬರುತ್ತದೆ.

ಬೆಂಗಳೂರಿನ ಬಡಾವಣೆಗಳಂತೆ ಆಗಬೇಕು ಎಂಬುದು ಇವರ ಆಸೆ. ಆಗಲಿ. 2022ರ ಸೆಪ್ಟೆಂಬರ್ ಮೊದಲ ವಾರವನ್ನೂ ಸೇರಿಸಿಕೊಳ್ಳಲಿ. ಸರ್ಜಾಪುರ ರಸ್ತೆ, ಯಮಲೂರು, ಹೊರವರ್ತುಲ ರಸ್ತೆ. ಕೋಟಿಗಟ್ಟಲೆಯ ವಿಲ್ಲಾಗಳು. ಕಾವಲುಗಾರ, ಬೂಮ್ ಗೇಟು, ಭೇಟಿಗೆ ಬಂದವರ ಫೋಟೊ ತೆಗೆಯುವ ಯಂತ್ರ. ಒಂದು ರಾತ್ರಿ ಮಳೆ ಬಂತು. ಕೆರೆ ತನ್ನ ಹಳೇ ದಾರಿ ಹುಡುಕಿಕೊಂಡು ಹೊರಟಿತು. ಬೂಮ್ ಗೇಟು ಅದರ ಫೋಟೊ ತೆಗೆಯಲಿಲ್ಲ. ದುಬಾರಿ ಕಾರುಗಳು ಬೇಸ್‌ಮೆಂಟಿನಲ್ಲಿ ಮುಳುಗಿದವು.

ಆಗ ಒಳಗೆ ಬಂದದ್ದು ಎರಡೇ. ದೋಣಿ ಮತ್ತು ಟ್ರ್ಯಾಕ್ಟರ್.

ದೊಡ್ಡ ಕಂಪನಿಯ ಮುಖ್ಯಸ್ಥರೊಬ್ಬರು ಕುಟುಂಬ, ಸಾಕುನಾಯಿ ಸಮೇತ ಟ್ರ್ಯಾಕ್ಟರಿನಲ್ಲಿ ಹೊರಬಂದರು. ಲ್ಯಾಪ್‌ಟಾಪ್ ಎದೆಗವಚಿಕೊಂಡ ಹುಡುಗ ಹುಡುಗಿಯರು 50 ರೂಪಾಯಿ ಕೊಟ್ಟು ಟ್ರೇಲರಿನಲ್ಲಿ ನಿಂತು ಆಫೀಸಿಗೆ ಹೋದರು. ಟಿವಿಯವರು ಮೈಕು ಹಿಡಿದರು. ‘ಒಳ್ಳೇ ಅನುಭವ’ ಎಂದರು. ಅಂದು ಟ್ರೇಲರ್ ಅಂದ ಕೆಡಿಸಲಿಲ್ಲ. ನೀರು ಇಳಿಯಿತು. ಟ್ರ್ಯಾಕ್ಟರ್ ಹೊರಗೆ ಹೋಯಿತು. ಗೇಟು ಮುಚ್ಚಿತು.

ನಮ್ಮ ಬಡಾವಣೆಯೂ ಕೆರೆಯ ಕೆಳಗೇ ಇದೆ. 2021ರ ನವೆಂಬರಿನಲ್ಲಿ ಜಿಲ್ಲೆಯ ಎಷ್ಟೋ ಕೆರೆ ದಶಕಗಳ ನಂತರ ಕೋಡಿ ಬಿದ್ದವು. ಜನ ಕೋಡಿಗೆ ಪೂಜೆ ಮಾಡಿದರು. ನಮ್ಮವರು ಆ ನೀರು ಯಾವ ದಾರಿಯಲ್ಲಿ ಹೋಗಬೇಕು ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅವರ ಕಾರ್ ಪಾರ್ಕಿಂಗಿನ ಕೆಳಗೆ ಸಿಗುತ್ತಿತ್ತು. ಅಧ್ಯಕ್ಷರು ದೋಣಿಯ ಸಾಲನ್ನು ಹೊಡೆದುಹಾಕಲು ಒಪ್ಪಲಿಲ್ಲವಲ್ಲ, ಅದೊಂದೇ ಅವರ ದೂರದೃಷ್ಟಿ.

ಕಳೆದ ಭಾನುವಾರ ಮತ್ತೊಂದು ಸಭೆ. ಕಾರ್ಯಸೂಚಿಯಲ್ಲಿ ಎರಡೇ ವಿಷಯ. ಮೊದಲನೆಯದು, ಟ್ರೇಲರ್ ತೆಗೆಯದ ಮೂಲೆಮನೆಯವನಿಗೆ ಕೊನೆಯ ನೋಟಿಸು. ಸರ್ವಾನುಮತದಿಂದ ಪಾಸಾಯಿತು. ಎರಡನೆಯದು, ಗಣೇಶೋತ್ಸವ. ಈ ಸಲ ದೊಡ್ಡ ಗಣಪ. ಆಳೆತ್ತರ ಮೀರಿದ್ದು. ಹೂವಿನ ಪಲ್ಲಕ್ಕಿ ಕಟ್ಟಿಸಿ, ಡೊಳ್ಳು, ತಮಟೆ, ದೀಪದ ಅಲಂಕಾರ, ಊರೆಲ್ಲ ಮೆರವಣಿಗೆ.

‘ಗಾಡಿ?’ ಎಂದರು ಖಜಾಂಚಿ.

ಸಭೆ ಒಂದು ಕ್ಷಣ ಸುಮ್ಮನಾಯಿತು. ಪಲ್ಲಕ್ಕಿಯನ್ನು ಕಾರಿನ ಮೇಲೆ ಕಟ್ಟಲಾಗುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಆ ದಿನ ಹತ್ತು ಪಟ್ಟು ಕೇಳುತ್ತದೆ. ಎಲ್ಲರೂ ಕಿಟಕಿಯ ಆಚೆ ನೋಡಿದರು.

‘ಅವನನ್ನೇ ಕೇಳಿದರಾಯ್ತು. ದೇವರ ಕೆಲಸ. ದುಡ್ಡು ತಗೊಳ್ಳಲ್ಲ’ ಎಂದರು ಅಧ್ಯಕ್ಷರು.

ಕಾರ್ಯದರ್ಶಿಗಳು ಬರೆದುಕೊಂಡರು. ಹಬ್ಬದ ಸೇವೆಗೆ ಟ್ರೇಲರನ್ನು ಹಿಂದಿನ ದಿನವೇ ತಂದು ತೊಳೆದು ನಿಲ್ಲಿಸತಕ್ಕದ್ದು. ವಿಸರ್ಜನೆ ಮುಗಿದ ರಾತ್ರಿಯೇ ಬಡಾವಣೆಯಿಂದ ಹೊರಗೆ ಒಯ್ಯತಕ್ಕದ್ದು. ತಪ್ಪಿದಲ್ಲಿ 500 ರೂಪಾಯಿ.